‘ಗೊತ್ತಿಲ್ಲ’ ಎಂದ ಸಾಕ್ಷಿಯಮ್ಮ

ಬೆಳಗಿನ ಐದೂವರೆ. ನಗರದ ನೀರು ಸರಬರಾಜು ಕಚೇರಿಯ ಮುಂಬಾಗಿಲಿಗೆ ಇನ್ನೂ ಬೀಗ ಬಿದ್ದಿದೆ. ಹಿಂದಿನ ಅಂಗಳದಲ್ಲಿ ತುಕ್ಕು ಹಿಡಿದ ಪೈಪುಗಳ ರಾಶಿಯನ್ನು ಬಳಸಿಕೊಂಡು, ಕಂಕುಳಲ್ಲಿ ಫ್ಲಾಸ್ಕು ಇರುಕಿಕೊಂಡ ಮಹಿಳೆಯೊಬ್ಬರು ಪಕ್ಕದ ಸಣ್ಣ ಬಾಗಿಲಿನತ್ತ ನಡೆಯುತ್ತಾರೆ. ಕುರ್ಚಿಯಲ್ಲಿ ಕೂತಲ್ಲೇ ತೂಕಡಿಸುತ್ತಿರುವ ಕಾವಲುಗಾರ ಕಣ್ಣು ತೆರೆಯದೆಯೇ ‘ಬಂದ್ರಾ ಅಮ್ಮಾ?’ ಎನ್ನುತ್ತಾನೆ. ‘ಬಂದೆ. ನೀವು ಏಳ್ಬೇಡಿ’ ಎಂದು ಇವರು ಒಳಗೆ ಹೋಗುತ್ತಾರೆ.

ಇವರ ಕೋಣೆ ಮೆಟ್ಟಿಲ ಕೆಳಗಿದೆ. ಹಿಂದೆ ಕೆಟ್ಟ ಮೀಟರುಗಳನ್ನು ಪೇರಿಸಿಡುತ್ತಿದ್ದ ಜಾಗ. ಸೂರು ಒಂದು ಕಡೆ ಇಳಿಜಾರು. ಆ ಮೂಲೆಗೆ ಹೋಗುವಾಗ ತಲೆ ತಗ್ಗಿಸಬೇಕು, ಇವರು ನೋಡದೆಯೇ ತಗ್ಗಿಸುತ್ತಾರೆ. ಒಂದು ಮೇಜು, ಒಂದು ಕಂಪ್ಯೂಟರ್, ಅಂಗಳಕ್ಕೆ ತೆರೆಯುವ ಒಂದು ಕಿಟಕಿ. ಕಿಟಕಿಯಾಚೆ ನಲ್ಲಿಯೊಂದು ತೊಟ್ಟಿಕ್ಕುತ್ತಿದೆ. ‘ನೀರಿನ ಆಫೀಸಿನ ನಲ್ಲಿ ನೋಡಿ! ಸೋರಿಕೆ ನಿಲ್ಲಿಸಿ ಅಂತ ಊರಿಗೆಲ್ಲ ಹೇಳೋರು ನಾವೇ’ ಎಂದು ನಗುತ್ತಾ ಚಹಾ ಬಗ್ಗಿಸಿಕೊಳ್ಳುತ್ತಾರೆ. ಆಮೇಲೆ ಕನ್ನಡಕ ಏರಿಸಿ ಪರದೆಯ ಕಡೆ ತಿರುಗಿದರೆ, ಮಾತಾಡಿಸಲು ಬಂದವರೊಬ್ಬರು ಎದುರಿಗೆ ಕೂತಿದ್ದಾರೆ ಎಂಬುದೇ ಅವರಿಗೆ ಮರೆತುಹೋಗುತ್ತದೆ.

ಕಚೇರಿಗೆ ಒಂದು ಜಾಲತಾಣವಿದೆ. ಯಾವ ಬೀದಿಗೆ ಎಷ್ಟು ಹೊತ್ತಿಗೆ ನೀರು, ಎಲ್ಲಿ ಪೈಪು ಒಡೆದಿದೆ, ಯಾವ ನೀರನ್ನು ಹಾಗೇ ಕುಡಿಯಬಹುದು, ಯಾವುದನ್ನು ಕುದಿಸಬೇಕು, ಎಲ್ಲವೂ ಅಲ್ಲೇ. ಆ ಪುಟಗಳನ್ನು ಬರೆಯುವ, ತಿದ್ದುವ, ಪ್ರಕಟಿಸುವ, ತೆಗೆದುಹಾಕುವ ಅಧಿಕಾರ ಬೇರೆ ಬೇರೆ ವಿಭಾಗಗಳ ಸುಮಾರು ನಲವತ್ತು ಮಂದಿಗೆ ಇದೆ. ಅವರು ಲಾಗಿನ್ ಆಗಿ ಏನೇ ಮಾಡಿದರೂ ವ್ಯವಸ್ಥೆ ತನ್ನಷ್ಟಕ್ಕೆ ತಾನೇ ಒಂದು ಸಾಲು ಬರೆದಿಡುತ್ತದೆ: ಯಾವ ಖಾತೆ, ಯಾವ ಕಂಪ್ಯೂಟರ್, ಎಷ್ಟು ಹೊತ್ತಿಗೆ, ಯಾವ ಪುಟ, ಮೊದಲು ಏನಿತ್ತು, ಆಮೇಲೆ ಏನಾಯಿತು. ಕಚೇರಿಯಲ್ಲಿ ಇದಕ್ಕೆ ‘ಲಾಗ್’ ಎನ್ನುತ್ತಾರೆ. ಬರೆದ ಸಾಲನ್ನು ಅಳಿಸಲು ಅಲ್ಲಿ ಯಾರಿಗೂ ಆಗದು. ಊರು ಎದ್ದು ನೀರಿನ ವೇಳೆ ನೋಡುವ ಮುನ್ನ ಹಿಂದಿನ ದಿನದ ಸಾಲುಗಳನ್ನೆಲ್ಲ ಓದಿ, ತಪ್ಪು ಕಂಡಲ್ಲಿ ಸಂಬಂಧಪಟ್ಟವರನ್ನು ಎಬ್ಬಿಸಿ ಹೇಳುವುದು ಈ ಮಹಿಳೆಯ ಕೆಲಸ. ಹುದ್ದೆಯ ಹೆಸರು ದಾಖಲೆ ಸಹಾಯಕಿ. ಕಚೇರಿಯವರು ಕರೆಯುವುದು ಸಾಕ್ಷಿಯಮ್ಮ ಎಂದು. ಮೊದಮೊದಲು ಬೆನ್ನ ಹಿಂದೆ, ಈಗ ಎದುರಿಗೇ.

ದಿನಕ್ಕೆ ಎರಡು ಸಾವಿರದಷ್ಟು ಸಾಲು. ಪೈಪು ಒಡೆದ ದಿನ ಅದರ ದುಪ್ಪಟ್ಟು. ಅಷ್ಟರಲ್ಲಿ ಇವರ ವರದಿಗೆ ಏರುವುದು ಮೂರೋ ನಾಲ್ಕೋ. ಮಿಕ್ಕಿದ್ದೆಲ್ಲ ಯಾರೋ ಪುಟ ತೆರೆದರು, ಒಂದು ಅಕ್ಷರ ತಿದ್ದಿದರು, ಮುಚ್ಚಿದರು. ಬೆರಳನ್ನು ಪರದೆಗೆ ತಾಗಿಸದಂತೆ ಸಾಲಿನ ಕೆಳಗೆ ಸರಿಸುತ್ತಾ ಓದುತ್ತಾರೆ. ಬೇಸರ ಆಗದೇ? ‘ಅಡುಗೆಮನೇಲಿ ಪಾತ್ರೆ ಸದ್ದು ಕೇಳಿದ್ರೆ ಒಳಗೆ ಯಾರಿದ್ದಾರೆ ಅಂತ ನಮಗೆ ಗೊತ್ತಾಗಲ್ವಾ? ಹಾಗೆ ಇದು. ಒಬ್ಬೊಬ್ಬರದು ಒಂದೊಂದು ಸದ್ದು. ಒಬ್ಬ ಹುಡುಗಿ ಇದ್ದಾಳೆ, ಒಂದು ಪೂರ್ಣವಿರಾಮಕ್ಕೆ ಐದು ಸಲ ಉಳಿಸ್ತಾಳೆ, ಪಾಪ, ಹೆದರಿಕೆ ಅವಳಿಗೆ.’

ಬೆರಳು ನಿಲ್ಲುತ್ತದೆ. ಮೀಟರು ವಿಭಾಗದವರು ಯಾರೋ ನಿನ್ನೆ ಸಂಜೆ ಒಂದು ಪ್ರಕಟಣೆ ಹಾಕಿದ್ದಾರೆ: ‘ನಾಳೆ ನೀರು ಇರುವುದಿಲ್ಲ.’ ಯಾವ ಬೀದಿಗೆ ಎಂಬುದೇ ಇಲ್ಲ. ಸಾಕ್ಷಿಯಮ್ಮ ಫೋನು ಎತ್ತುತ್ತಾರೆ. ‘ಮಗಾ, ಎಬ್ಬಿಸಿದೆ ಅಂತ ಬೈಕೋಬೇಡ. ನಿನ್ನ ಪುಟದಲ್ಲಿ ಬೀದಿ ಹೆಸರು ಬಿಟ್ಟುಹೋಗಿದೆ ಕಣಪ್ಪ. ಹೀಗೇ ಬಿಟ್ಟರೆ ಊರಿಗೆ ಊರೇ ಬಕೆಟ್ ಹಿಡ್ಕೊಂಡು ನಿಲ್ಲುತ್ತೆ.’ ಆ ಕಡೆಯಿಂದ ನಿದ್ದೆಗಣ್ಣಿನ ‘ಅಯ್ಯೋ’ ಕೇಳಿಸುತ್ತದೆ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಹೊಸ ಸಾಲುಗಳು ಮೂಡುತ್ತವೆ. ತೆರೆದದ್ದು, ತಿದ್ದಿದ್ದು, ಪ್ರಕಟಿಸಿದ್ದು. ಇವರು ತಲೆಯಾಡಿಸಿ ಮುಂದಿನದಕ್ಕೆ ಹೋಗುತ್ತಾರೆ. ತಾವೇ ತಿದ್ದಬಹುದಿತ್ತಲ್ಲ ಎಂದರೆ ಆಗದಂತೆ. ಇವರ ಖಾತೆಗೆ ಇರುವುದು ಓದುವ ಅಧಿಕಾರ ಮಾತ್ರ.

ಈ ಕಚೇರಿಗೆ ಇವರು ಬಂದದ್ದು ಇಪ್ಪತ್ತೆರಡರ ವಯಸ್ಸಿನಲ್ಲಿ, ದೂರು ವಿಭಾಗದ ಫೋನು ಎತ್ತಲು. ಉದ್ದನೆಯ ಮೇಜಿಗೆ ಆರು ಮಂದಿ, ಆರು ಫೋನು, ಬೆಳಗಿನಿಂದ ಸಂಜೆಯವರೆಗೆ ಬೈಗುಳ. ‘ನೀರು ಬರದೇ ಇದ್ದಾಗ ಮನುಷ್ಯರಿಗೆ ನಾಲಿಗೆ ಮೇಲೆ ಹಿಡಿತ ಇರಲ್ಲ. ನಾವೇ ಕುಡಿದುಬಿಟ್ಟಿದ್ದೀವಿ ಅನ್ನೋ ಹಾಗೆ ಬೈಯೋರು.’ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದವರು ಕಚೇರಿಯೆಲ್ಲ ಗುಡುಗಣ್ಣ ಎಂದು ಕರೆಯುವ ಹಿರಿಯ ನೌಕರ. ಆ ದನಿಗೆ ಆ ಹೆಸರು. ಬೈಗುಳ ಕೇಳಿ ಹೊಸ ಹುಡುಗಿಯ ಕಣ್ಣಲ್ಲಿ ನೀರು ಬಂದರೆ, ಅವಳ ಕೈಯಿಂದ ಫೋನು ಕಿತ್ತುಕೊಂಡು ‘ಹಲೋ!’ ಎಂದು ಒಂದೇ ಒಂದು ಸಲ ಗುಡುಗುತ್ತಿದ್ದರು. ಆ ಕಡೆಯವರು ತಣ್ಣಗಾಗುತ್ತಿದ್ದರು. ಸಾಕ್ಷಿಯಮ್ಮನನ್ನು ಅವರು ಕರೆಯುತ್ತಿದ್ದುದು ತಂಗಿ ಎಂದು. ಇವರ ಮದುವೆಯ ದಿನ ಅಡುಗೆಯವರು ಕೈಕೊಟ್ಟಾಗ ಬೇರೆಯವರನ್ನು ಹುಡುಕಿ ತಂದವರೂ ಅವರೇ.

ಆಮೇಲೆ ಜಾಲತಾಣ ಬಂತು, ದೂರಿನ ಫೋನಿಗೆ ಧ್ವನಿಮುದ್ರಿತ ಹೆಂಗಸಿನ ದನಿ ಬಂತು, ಉದ್ದನೆಯ ಮೇಜು ಹರಾಜಾಯಿತು. ಆರು ಮಂದಿಯನ್ನೂ ಅಲ್ಲಿ ಇಲ್ಲಿ ಹಂಚಿದರು. ಗುಡುಗಣ್ಣ ಪ್ರಕಟಣೆ ವಿಭಾಗ ಸೇರಿದರು. ಇವರ ಪಾಲಿಗೆ ಯಾರೂ ಒಲ್ಲೆನೆಂದ ಈ ಕೆಲಸ ಉಳಿಯಿತು. ‘ಏನು ಕೆಲಸ ಅಂತ ಕೊಟ್ಟೋರಿಗೂ ಗೊತ್ತಿರಲಿಲ್ಲ, ತಗೊಂಡೋಳಿಗೂ ಗೊತ್ತಿರಲಿಲ್ಲ. ಒಂದು ತಿಂಗಳು ಬರೀ ಓದಿದೆ. ಏನೂ ಅರ್ಥ ಆಗ್ಲಿಲ್ಲ. ಎರಡನೇ ತಿಂಗಳು ನಗು ಬರೋಕೆ ಶುರುವಾಯ್ತು. ಓಹೋ, ಇವರೆಲ್ಲ ಹೀಗಾ ಅಂತ.’

ಮನೆ ಬಸ್ ಡಿಪೋದ ಹಿಂದಿನ ಬೀದಿಯಲ್ಲಿ, ಸೈಕಲ್ ಅಂಗಡಿಯ ಮೇಲೆ. ಎರಡು ಕೋಣೆ, ಒಂದು ಅಡುಗೆಮನೆ. ಯಜಮಾನರು ಶಾಲೆಯ ಬಸ್ಸು ಓಡಿಸುತ್ತಾರೆ. ‘ಇಬ್ಬರೂ ಒಂದೇ ಹೊತ್ತಿಗೆ ಏಳ್ತೀವಿ, ಒಂದೇ ಕನ್ನಡೀಲಿ ಮುಖ ನೋಡ್ಕೊಂಡು ಓಡ್ತೀವಿ. ಜಗಳ ಆಡೋಕೂ ಪುರುಸೊತ್ತಿಲ್ಲದೆ ಸಂಸಾರ ಚೆನ್ನಾಗಿದೆ’ ಎನ್ನುತ್ತಾರೆ ಅವರು. ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಅತ್ತೆಗೆ ಎಂಬತ್ತು ದಾಟಿದೆ, ಬಾಯಿ ಮಾತ್ರ ಇಪ್ಪತ್ತರದು. ‘ನಿಮ್ಮ ಸೊಸೆ ಆಫೀಸಲ್ಲಿ ಏನು ಮಾಡ್ತಾಳೆ ಅಂತ ಕೇಳ್ತಾರೆ. ಯಾರ್ಯಾರು ಏನೇನು ಮಾಡಿದ್ರು ಅಂತ ನೋಡ್ತಾಳೆ ಅಂತೀನಿ. ಅದಕ್ಕೆ ಸಂಬಳ ಬೇರೆ ಕೊಡ್ತಾರಾ ಅಂತ ಬಾಯಿ ಬಿಡ್ತಾರೆ. ನಾನು ಜೀವಮಾನವಿಡೀ ಅದನ್ನ ಪುಕ್ಕಟೆ ಮಾಡ್ಕೊಂಡು ಬಂದೆನಲ್ಲಪ್ಪಾ!’

ಬೇರೆಯವರ ಕೆಲಸ ಓದುವವರನ್ನು ಯಾವ ಕಚೇರಿಯೂ ಪ್ರೀತಿಸುವುದಿಲ್ಲ. ಸಾಕ್ಷಿಯಮ್ಮ ಊಟದ ಕೋಣೆಗೆ ಬಂದರೆ ಮಾತು ಹವಾಮಾನಕ್ಕೆ ತಿರುಗುತ್ತದೆ. ಇದರಿಂದ ಹೆಚ್ಚು ನೋವಾದದ್ದು ಆರು ವರ್ಷದ ಹಿಂದೆ. ಗುಡುಗಣ್ಣನ ಖಾತೆ ಒಂದೇ ಹೊತ್ತಿನಲ್ಲಿ ಎರಡು ಕಂಪ್ಯೂಟರುಗಳಲ್ಲಿ ತೆರೆದಿರುವುದು ಲಾಗ್‌ನಲ್ಲಿ ಕಂಡಿತು. ರಜೆಯ ಮೇಲಿದ್ದಾಗ ಕೆಲಸ ನಿಲ್ಲದಿರಲೆಂದು ಅವರು ಸಹೋದ್ಯೋಗಿಗೆ ಪಾಸ್‌ವರ್ಡ್ ಹೇಳಿಕೊಟ್ಟಿದ್ದರು. ನಿಯಮದ ಪ್ರಕಾರ ಅದು ತಪ್ಪು. ಇವರು ವರದಿಯಲ್ಲಿ ಬರೆದರು, ಅವರಿಗೆ ಎಚ್ಚರಿಕೆ ಪತ್ರ ಬಂತು. ‘ಮೊದಲು ನನ್ನ ಹತ್ರ ಬಂದು ಒಂದು ಮಾತು ಹೇಳ್ಬಾರದಿತ್ತಾ?’ ಎಂದು ಕೇಳಿದ ಗುಡುಗಣ್ಣ, ಆ ದಿನದಿಂದ ಇವರೊಡನೆ ಮಾತು ಬಿಟ್ಟರು. ಮೆಟ್ಟಿಲಲ್ಲಿ ಎದುರಾದರೆ ಗೋಡೆ ನೋಡುತ್ತಾ ಹತ್ತಿಹೋಗುತ್ತಿದ್ದರು.

ಕಳೆದ ಮಳೆಗಾಲದಲ್ಲಿ ನಡೆದದ್ದು ಇದಾದ ಮೇಲಿನ ಸಂಗತಿ.

ಎರಡು ದಿನ ಬಿಡದೆ ಸುರಿದ ಮಳೆಗೆ ನಗರಕ್ಕೆ ನೀರು ಕೊಡುವ ಜಲಾಶಯಕ್ಕೆ ಕೆಸರು ನುಗ್ಗಿತು. ‘ನೀರನ್ನು ಕುದಿಸಿಯೇ ಕುಡಿಯಿರಿ’ ಎಂಬ ಎಚ್ಚರಿಕೆ ಜಾಲತಾಣದ ಮೊದಲ ಪುಟದಲ್ಲಿ ಕೆಂಪು ಅಕ್ಷರದಲ್ಲಿ ಬಂತು. ಶಾಲೆಗಳು, ಆಸ್ಪತ್ರೆಗಳು, ಹೋಟೆಲಿನವರು ಎಲ್ಲರೂ ಅದನ್ನೇ ನೋಡಿ ನಡೆದುಕೊಂಡರು. ಮೂರನೆಯ ದಿನ ಬೆಳಿಗ್ಗೆ ಸಾಕ್ಷಿಯಮ್ಮ ಎಂದಿನಂತೆ ಓದಲು ಕೂತರು. ಹಿಂದಿನ ಸಂಜೆ ಆರು ಹತ್ತರ ಸಾಲಿಗೆ ಬಂದಾಗ ಬೆರಳು ನಿಂತಿತು. ಎಚ್ಚರಿಕೆಯನ್ನು ಹಿಂತೆಗೆದುಕೊಳ್ಳಲಾಗಿತ್ತು. ಅದನ್ನು ತೆಗೆದರೆ ಆ ಜಾಗದಲ್ಲಿ ಮಾಮೂಲಿನ ಒಕ್ಕಣೆ ತಾನಾಗಿಯೇ ಬಂದು ಕೂರುತ್ತದೆ: ‘ನೀರು ಬಳಕೆಗೆ ಯೋಗ್ಯ.’ ಹಿಂತೆಗೆದುಕೊಂಡ ಖಾತೆ ಗುಡುಗಣ್ಣನದು.

ಪ್ರಯೋಗಾಲಯಕ್ಕೆ ಫೋನು ಮಾಡಿದರು. ಪಾಳಿಯಲ್ಲಿದ್ದ ಹುಡುಗ, ‘ಪಶ್ಚಿಮ ಭಾಗದ ನೀರು ಸರಿಯಾಗಿದೆ ಮೇಡಂ, ಪೂರ್ವದ್ದು ಇನ್ನೂ ಪರೀಕ್ಷೆ ನಡೀತಿದೆ. ಎಚ್ಚರಿಕೆ ತೆಗೀರಿ ಅಂತ ಯಾರು ಹೇಳಿದ್ರು?’ ಎಂದ. ಇವರಿಗೆ ಪುಟ ಮುಟ್ಟುವ ಅಧಿಕಾರವಿಲ್ಲ. ಮುಖ್ಯಸ್ಥರ ಫೋನು ಬಡಿದುಕೊಂಡು ಸುಮ್ಮನಾಯಿತು. ಕೊನೆಗೆ ಐದು ಸಲ ಉಳಿಸುವ ಆ ಹೆದರಿಕೆಯ ಹುಡುಗಿಯನ್ನೇ ಎಬ್ಬಿಸಿದರು. ‘ಯಾರ ಅನುಮತಿ ಅಂತ ಕೇಳಿದ್ರೆ?’ ಎಂದು ಅವಳು ಹಿಂಜರಿದಳು. ‘ನನ್ನ ಹೆಸರು ಹೇಳಮ್ಮ. ಈಗ ಹಾಕು.’ ಬೀದಿ ದೀಪಗಳು ಆರುವ ಹೊತ್ತಿಗೆ ಕೆಂಪು ಅಕ್ಷರ ಮತ್ತೆ ಬಂತು.

ಆದರೆ ಒಂದು ಸಂಜೆ ಮತ್ತು ಒಂದು ರಾತ್ರಿ ಕಳೆದಿತ್ತು. ಪೂರ್ವ ಭಾಗದ ವೃದ್ಧಾಶ್ರಮವೊಂದರಲ್ಲಿ ಹನ್ನೊಂದು ಮಂದಿ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಅವರಲ್ಲಿ ಒಬ್ಬ ಅಜ್ಜಿಗೆ ನಾಲ್ಕು ದಿನ ಪ್ರಜ್ಞೆ ಇರಲಿಲ್ಲ. ಆಶ್ರಮದವರು ಅಡುಗೆಯಾಕೆಯ ಮೇಲೆ ಹರಿಹಾಯ್ದರು. ಸೋಮಾರಿತನದಿಂದ ನೀರು ಕುದಿಸದೆ ಈಗ ಜಾಲತಾಣದ ಮೇಲೆ ಹಾಕುತ್ತಿದ್ದಾಳೆ, ನಾವು ನೋಡಿದಾಗ ಎಚ್ಚರಿಕೆ ಇದ್ದೇ ಇತ್ತಲ್ಲ ಎಂದರು. ಅವರು ನೋಡಿದ್ದು ಮಾರನೆಯ ಬೆಳಿಗ್ಗೆ, ಎಚ್ಚರಿಕೆ ಮರಳಿ ಬಂದ ಮೇಲೆ. ಅಡುಗೆಯಾಕೆ ಕಚೇರಿಯ ನಂಬರುಗಳಿಗೆಲ್ಲ ಫೋನು ಮಾಡಿ ಮಾಡಿ, ಯಾರೋ ವರ್ಗಾಯಿಸಿ, ಕೊನೆಗೆ ಮೆಟ್ಟಿಲ ಕೆಳಗಿನ ಈ ಕೋಣೆಗೆ ತಲುಪಿದರು. ‘ಅಕ್ಕಾ, ಅಡುಗೆಗೆ ಮುಂಚೆ ನಾನೇ ಕಣ್ಣಾರೆ ನೋಡಿದ್ದೀನಿ. ಯೋಗ್ಯ ಅಂತ ಇತ್ತು. ನಾನು ಸುಳ್ಳಿ ಅಂತಾರೆ ಅಕ್ಕಾ’ ಎಂದು ಅತ್ತರು.

ಆ ಹೊತ್ತಿಗೆ ಪುಟದಲ್ಲಿ ಏನಿತ್ತು ಎಂಬುದನ್ನು ಅಕ್ಷರ ಅಕ್ಷರವಾಗಿ ತೋರಿಸುವ ಶಕ್ತಿ ಲಾಗ್‌ಗೆ ಇತ್ತು. ಮುಖ್ಯಸ್ಥರ ಸಹಿ ಪಡೆದು ಆ ಪ್ರತಿಯನ್ನು ಸಾಕ್ಷಿಯಮ್ಮ ತಾವೇ ಆಶ್ರಮಕ್ಕೆ ಒಯ್ದರು. ಅಡುಗೆಯಾಕೆಯ ಕೆಲಸ ಉಳಿಯಿತು. ಬರುವಾಗ ಖಾಲಿ ಹಾಸಿಗೆಗಳ ಸಾಲಿನ ಪಕ್ಕ ಹಾದು ಬಂದರಂತೆ. ‘ಹಾಸಿಗೆ ಮೇಲೆ ಕನ್ನಡಕ, ಅರ್ಧ ಹೆಣೆದ ಉಣ್ಣೆ ಟೋಪಿ ಎಲ್ಲ ಹಾಗೇ ಇತ್ತು. ಯಾವ ಪುಟಕ್ಕೆ ಎಷ್ಟು ತೂಕ ಅಂತ ಇಲ್ಲಿ ಕೂತ್ರೆ ಗೊತ್ತಾಗಲ್ಲ.’

ಇತ್ತ ಕಚೇರಿಯಲ್ಲಿ ಗುಡುಗಣ್ಣನ ಅಮಾನತು ಆಗಿತ್ತು. ನಿವೃತ್ತಿಗೆ ಒಂದೂವರೆ ವರ್ಷ ಬಾಕಿ. ‘ನಾನು ಮುಟ್ಟಿಲ್ಲ. ಐದು ಗಂಟೆಗೇ ಮನೆಗೆ ಹೊರಟಿದ್ದೆ’ ಎಂದು ಅವರು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೊದಲೇ ಒಂದು ಎಚ್ಚರಿಕೆ ಪತ್ರ ಪಡೆದ ಮನುಷ್ಯ. ಊಟದ ಕೋಣೆಯಲ್ಲಿ ಮೊದಲ ಬಾರಿಗೆ ಸಾಕ್ಷಿಯಮ್ಮನಿಗೆ ಜನ ಕುರ್ಚಿ ಎಳೆದುಕೊಟ್ಟರು. ನಿಮ್ಮ ಲಾಗ್ ಹಿಡಿದುಹಾಕಿತು ನೋಡಿ ಎಂದರು. ಇವರು ಊಟದ ಡಬ್ಬಿ ತೆರೆಯದೆ ಎತ್ತಿಕೊಂಡು ತಮ್ಮ ಕೋಣೆಗೆ ಮರಳಿದರು.

ಕಾರಣ, ಆ ಸಾಲು ಅವರ ಕಣ್ಣಿಗೆ ಗುಡುಗಣ್ಣನ ಹಾಗೆ ಕಾಣುತ್ತಿರಲಿಲ್ಲ. ಗುಡುಗಣ್ಣ ಏನೇ ಪ್ರಕಟಿಸುವ ಮುನ್ನ ಪುಟ ಹೇಗೆ ಕಾಣುತ್ತದೆಂದು ಮೂರು ನಾಲ್ಕು ಸಲ ತೆರೆದು ನೋಡುತ್ತಾರೆ. ಇಲ್ಲಿ ಅದಿಲ್ಲ, ನೇರ ಬಂದು ತೆಗೆದುಹಾಕಿದ್ದಾರೆ. ಕಂಪ್ಯೂಟರ್ ಕೂಡ ಸಭಾಂಗಣದ ಹೊರಗೆ ಎಲ್ಲರೂ ಬಳಸುವಂಥದ್ದು. ಆ ಖಾತೆ ಅಲ್ಲಿ ಮಧ್ಯಾಹ್ನ ತೆರೆದದ್ದು, ಮತ್ತೆ ಮುಚ್ಚೇ ಇಲ್ಲ. ಹಾಗೆಂದು ಅವರೇ ಮಾಡಿಲ್ಲ ಎನ್ನಲು ಅದು ಸಾಕಾಗದು. ಗಡಿಬಿಡಿಯಲ್ಲಿ ಯಾರ ರೀತಿಯೂ ಬದಲಾಗಬಹುದು.

ಆ ಸಂಜೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ ಮಗಳ ಹತ್ತಿರ ಇದನ್ನೇ ಹೇಳಿಕೊಂಡರು. ಮಗಳು ಒಂದೇ ಪ್ರಶ್ನೆ ಕೇಳಿದಳು. ‘ಅಮ್ಮಾ, ನಮ್ಮ ವಾರ್ಡಿನಲ್ಲಿ ಔಷಧಿ ಕೊಟ್ಟೋರು ಕೈಯಾರೆ ಸಹಿ ಹಾಕ್ತಾರೆ. ನಿಮ್ಮಲ್ಲಿ ಗುಡುಗು ಮಾವನ ಸಹಿ ಎಲ್ಲಿದೆ?’ ಸಾಕ್ಷಿಯಮ್ಮ ಚೀಲದಿಂದ ತಮ್ಮದೇ ವರದಿಯ ಪ್ರತಿ ತೆಗೆದರು. ಅದರಲ್ಲಿ ಅವರೇ ಬರೆದಿದ್ದರು: ಎಚ್ಚರಿಕೆಯನ್ನು ಇಂಥವರು ಹಿಂತೆಗೆದುಕೊಂಡರು. ಗುಡುಗಣ್ಣನ ಪೂರ್ತಿ ಹೆಸರು, ಹುದ್ದೆ. ಲಾಗ್‌ನಲ್ಲಿ ಇದ್ದದ್ದು ಒಂದು ಖಾತೆ ಸಂಖ್ಯೆ. ಅದರ ಜಾಗಕ್ಕೆ ಮನುಷ್ಯನನ್ನು ಇಟ್ಟವರು ಇವರು. ‘ವರ್ಷಾನುಗಟ್ಟಲೆ ಹಾಗೇ ಬರೆದಿದ್ದೆ. ಓದೋರಿಗೆ ಸುಲಭ ಆಗ್ಲಿ ಅಂತ. ಅದು ತಪ್ಪು ಅಂತ ಅವತ್ತೇ ಮೊದಲ ಸಲ ಹೊಳೀತು.’

ಯಜಮಾನರು ಬಸ್ಸು ನಿಲ್ಲಿಸಿ ಬಂದವರು ಎಲ್ಲ ಕೇಳಿಸಿಕೊಂಡರು. ‘ಹೋಗಿ ತಪ್ಪಾಗಿದೆ ಅಂದ್ರೆ ಎಲ್ಲ ನಿನ್ನ ತಲೆ ಮೇಲೇ ಬರುತ್ತೆ. ಮಾತೂ ಆಡದ ಮನುಷ್ಯನಿಗೋಸ್ಕರ.’

‘ಅವರಿಗೋಸ್ಕರ ಅಲ್ಲ ರೀ.’

‘ಮತ್ಯಾರಿಗೋಸ್ಕರ?’

‘ಬರೆದಿದ್ದು ತಪ್ಪು. ಅಷ್ಟೆ.’ ಅತ್ತೆ ಒಳಗಿನಿಂದಲೇ ಕೂಗಿದರಂತೆ: ‘ಹೋಗ್ಲಿ ಬಿಡೋ. ತಡೆದ್ರೆ ಅವಳು ನಿಲ್ಲೋಳಾ?’

ವಿಚಾರಣೆಗೆ ಮೂವರಿದ್ದರು. ಹೊರಗಿನಿಂದ ಬಂದ ನಿವೃತ್ತ ಎಂಜಿನಿಯರ್ ಅಧ್ಯಕ್ಷರು, ಒಬ್ಬ ವಕೀಲೆ, ಕಚೇರಿಯ ಪರವಾಗಿ ಉಪಮುಖ್ಯಸ್ಥರು. ಮೇಜಿನ ಕೊನೆಯಲ್ಲಿ ಗುಡುಗಣ್ಣ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು. ಸಾಕ್ಷಿಯಮ್ಮನನ್ನು ಕರೆದದ್ದು ವರದಿ ತಮ್ಮದೇ ಎಂದು ದೃಢಪಡಿಸಲು ಮಾತ್ರ. ಎರಡು ನಿಮಿಷದ ಕೆಲಸ ಎಂದು ಎಲ್ಲರೂ ಎಣಿಸಿದ್ದರು. ಹೆದರಿಕೆಯ ಹುಡುಗಿ ಟಿಪ್ಪಣಿ ಬರೆದುಕೊಳ್ಳಲು ಅಲ್ಲಿದ್ದಳು. ಮುಂದಿನದನ್ನು ಅವಳು ನೆನಪಿನಿಂದ ಹೇಳುತ್ತಾಳೆ, ಸಾಕ್ಷಿಯಮ್ಮ ತಲೆಯಾಡಿಸುತ್ತಾರೆ.

‘ಸರ್, ನನ್ನ ವರದೀಲಿ ಒಂದು ತಪ್ಪಿದೆ.’

‘ಲಾಗ್ ತಪ್ಪು ಅಂತೀರಾ?’ ಎಂದರು ಅಧ್ಯಕ್ಷರು.

‘ಲಾಗ್ ಸರಿ ಇದೆ ಸರ್. ನಾನು ಓದಿದ್ದು ತಪ್ಪು. ಅಲ್ಲಿ ಇರೋದು ಖಾತೆ. ಮನುಷ್ಯರ ಹೆಸರು ಸೇರಿಸಿದ್ದು ನಾನು. ಖಾತೆ ಮಧ್ಯಾಹ್ನದಿಂದ ತೆರೆದೇ ಇತ್ತು, ಎಲ್ಲರೂ ಓಡಾಡೋ ಜಾಗದಲ್ಲಿ. ಆರು ಹತ್ತಕ್ಕೆ ಆ ಕುರ್ಚೀಲಿ ಯಾರು ಕೂತಿದ್ರು ಅಂತ ಅದು ಹೇಳಲ್ಲ.’

‘ಹಾಗಾದರೆ ಇವರು ಮಾಡಿಲ್ಲ ಅಂತಲೋ?’

‘ಹಾಗೂ ಹೇಳೋಕಾಗಲ್ಲ ಸರ್.’

‘ಮತ್ತೆ ಯಾರು ಮಾಡಿದ್ದಮ್ಮಾ?’

‘ಗೊತ್ತಿಲ್ಲ ಸರ್.’

ಅಧ್ಯಕ್ಷರು ಪೆನ್ನು ಕೆಳಗಿಟ್ಟರು. ಇಷ್ಟು ವರ್ಷದ ಹಳೆಯ ವರದಿಗಳಲ್ಲೂ ಹೀಗೇ ಹೆಸರು ಬರೆದಿದ್ದೀರಾ ಎಂದು ವಕೀಲೆ ಕೇಳಿದರು. ಹೌದು ಎಂದರು ಸಾಕ್ಷಿಯಮ್ಮ. ಎಚ್ಚರಿಕೆ ಪತ್ರ ಕೊಡಿಸಿದ ಆ ವರದಿಯಲ್ಲೂ? ಅದರಲ್ಲೂ, ಆದರೆ ಆ ಸಲ ಅವರೇ ಒಪ್ಪಿಕೊಂಡಿದ್ದರು ಎಂದರು. ಇವರ ಮೇಲೂ ಕ್ರಮ ಆಗಬೇಕಾದೀತು ಎಂದು ಅಧ್ಯಕ್ಷರು ಹೇಳಿದಾಗ ‘ಆಗಲಿ ಸರ್’ ಎಂದು ಎದ್ದು ಬಂದರು.

ಎರಡು ದಿನ ಕಚೇರಿ ಗುಸುಗುಸುವಿನಲ್ಲಿ ಕಳೆಯಿತು. ಬುದ್ಧಿ ಕೆಟ್ಟಿದೆ ಎಂದವರೇ ಹೆಚ್ಚು. ಮೂರನೆಯ ದಿನ ಉಪಮುಖ್ಯಸ್ಥರು ಅಧ್ಯಕ್ಷರ ಮನೆಗೆ ಹೋಗಿ, ಆ ಎಚ್ಚರಿಕೆ ತೆಗೆದದ್ದು ತಾವೇ ಎಂದರು. ಪಶ್ಚಿಮದ ನೀರು ಸರಿಯಾಗಿದೆ ಎಂದು ಪ್ರಯೋಗಾಲಯದಿಂದ ಬಂದ ಫೋನನ್ನು ಅವರು ಇಡೀ ಊರಿನ ನೀರು ಸರಿಯಾಗಿದೆ ಎಂದು ಅರ್ಥ ಮಾಡಿಕೊಂಡಿದ್ದರು. ಸಭೆ ಮುಗಿಸಿ ಹೊರಬಂದರೆ ಎದುರಿಗೇ ಕಂಪ್ಯೂಟರ್ ತೆರೆದಿತ್ತು. ಜನಕ್ಕೆ ಬೇಗ ಒಳ್ಳೆಯ ಸುದ್ದಿ ಸಿಗಲಿ ಎಂದು ಒತ್ತಿದರು. ಯಾರ ಖಾತೆ ಎಂದೂ ನೋಡಲಿಲ್ಲ.

ಈಗ ಅವರು ಉಗ್ರಾಣ ವಿಭಾಗದಲ್ಲಿದ್ದಾರೆ, ಕೆಳಗಿನ ಹುದ್ದೆಯಲ್ಲಿ. ಮಾತಾಡಲು ಒಪ್ಪಿದ್ದೇ ಹೆಚ್ಚು. ‘ಲಾಗ್‌ನಲ್ಲಿ ಬೇರೆಯವರ ಹೆಸರಿದೆ ಅಂತ ಗೊತ್ತಾದಾಗ ನನಗೆ ಸಮಾಧಾನ ಆಯ್ತು. ಸುಳ್ಳು ಹೇಳಲ್ಲ, ನಿಜವಾಗಿಯೂ ಸಮಾಧಾನ ಆಯ್ತು. ಆಕೆ ಬಂದು, ಯಾರೂ ಕೇಳದೆ, ತನ್ನ ತಪ್ಪನ್ನ ತಾನೇ ಓದಿದ್ರು. ನಾನು ಅದೇ ಮೇಜಿನ ಈಚೆ ಕಡೆ ನ್ಯಾಯ ಹೇಳೋಕೆ ಕೂತಿದ್ದೆ. ಆಮೇಲೆ ಎರಡು ದಿನ ಮನೇಲಿ ಯಾರ ಮುಖಾನೂ ನೋಡೋಕಾಗ್ಲಿಲ್ಲ.’ ಅಷ್ಟು ಹೇಳಿ ಅವರು ಮೊಳೆ ತುಂಬಿದ ಪೆಟ್ಟಿಗೆಗಳ ಕಡೆ ತಿರುಗುತ್ತಾರೆ.

ಗುಡುಗಣ್ಣ ಮರಳಿ ಕೆಲಸಕ್ಕೆ ಬಂದರು. ಖಾತೆ ತೆರೆದಿಟ್ಟು ಹೋದದ್ದಕ್ಕೆ ಒಂದು ಛೀಮಾರಿ ಅವರಿಗೆ, ವರದಿಯ ತಪ್ಪಿಗೆ ಒಂದು ಸಾಕ್ಷಿಯಮ್ಮನಿಗೆ. ಬಂದ ದಿನವೇ ಅವರು ಮೆಟ್ಟಿಲ ಕೆಳಗಿನ ಕೋಣೆಯ ಬಾಗಿಲಲ್ಲಿ ನಿಂತರು. ಆರು ವರ್ಷದ ಮೇಲೆ ಮೊದಲ ಮಾತು. ಇಬ್ಬರೂ ಅದನ್ನು ಒಂದೇ ರೀತಿ ಹೇಳುತ್ತಾರೆ.

‘ನಾನು ಮಾಡಿಲ್ಲ ಅಂತ ನಂಬಿದ್ಯಾ ತಂಗೀ?’

‘ಇಲ್ಲಣ್ಣ. ನೀವು ಮಾಡಿದ್ರೋ ಇಲ್ವೋ ಗೊತ್ತಿಲ್ಲ ಅಂದೆ.’

ಗುಡುಗಣ್ಣನ ಮುಖ ಸಣ್ಣದಾಯಿತು. ಆಮೇಲೆ ಮಹಡಿಯವರೆಗೂ ಕೇಳುವಂತೆ ನಕ್ಕರು. ‘ಹೋಗ್ಲಿ, ಅಷ್ಟಾದ್ರೂ ಅಂದ್ಯಲ್ಲ. ಬೇರೆಯೋರೆಲ್ಲ ಗೊತ್ತು ಅಂದ್ಬಿಟ್ಟಿದ್ರು!’ ಎಂದರು. ಒಳಗೆ ಬರುವಾಗ ಇಳಿಜಾರು ಸೂರಿಗೆ ತಲೆ ಹೊಡೆಸಿಕೊಂಡರು. ಅದನ್ನು ಮಾತ್ರ ಸಾಕ್ಷಿಯಮ್ಮ ಹೇಳುತ್ತಾರೆ, ಗುಡುಗಣ್ಣ ಒಪ್ಪುವುದಿಲ್ಲ.

ಈಗ ಐದು ನಿಮಿಷ ಯಾರೂ ಮುಟ್ಟದಿದ್ದರೆ ಎಲ್ಲರೂ ಬಳಸುವ ಕಂಪ್ಯೂಟರಿನಲ್ಲಿ ತೆರೆದ ಖಾತೆ ತಾನೇ ಮುಚ್ಚುತ್ತದೆ. ನೀರಿನ ಎಚ್ಚರಿಕೆ ತೆಗೆಯಬೇಕಾದರೆ ಇಬ್ಬರು ಒಪ್ಪಬೇಕು. ಸಾಕ್ಷಿಯಮ್ಮನ ವರದಿಯಲ್ಲಿ ಖಾತೆಯ ಸಂಖ್ಯೆ ಮಾತ್ರ ಇರುತ್ತದೆ. ಯಾರದೆಂದು ಬೇಕಾದವರು ಹೋಗಿ ಕೇಳಿ ತಿಳಿದುಕೊಳ್ಳಬೇಕು. ಹಳೆಯ ವರದಿಗಳನ್ನೂ ಒಂದೊಂದಾಗಿ ತೆಗೆದು, ಹೆಸರಿದ್ದ ಕಡೆಯೆಲ್ಲ ತಿದ್ದುಪಡಿ ಟಿಪ್ಪಣಿ ಸೇರಿಸುತ್ತಿದ್ದಾರೆ. ಯಾರೂ ಹೇಳಿದ ಕೆಲಸವಲ್ಲ. ಊಟದ ಬಿಡುವಿನಲ್ಲಿ ಸ್ವಲ್ಪ ಸ್ವಲ್ಪ. ಆ ಅಜ್ಜಿ ಆಶ್ರಮಕ್ಕೆ ಮರಳಿದ್ದಾರೆ, ನಡೆಯಲು ಕೋಲು ಬೇಕಾಗಿದೆ ಎಂದು ಅಡುಗೆಯಾಕೆ ಫೋನು ಮಾಡಿ ತಿಳಿಸಿದ್ದಾರೆ.

ಎಂಟೂವರೆ ಹೊತ್ತಿಗೆ ಮುಂಬಾಗಿಲು ತೆರೆದುಕೊಳ್ಳುತ್ತದೆ. ಮೆಟ್ಟಿಲ ಮೇಲೆ ಹೆಜ್ಜೆಗಳು ಶುರುವಾಗುತ್ತವೆ, ಸೂರಿನಿಂದ ಸುಣ್ಣದ ಪುಡಿ ಒಂದಿಷ್ಟು ಉದುರುತ್ತದೆ. ಸಾಕ್ಷಿಯಮ್ಮ ಕೀಲಿಮಣೆಯ ಮೇಲಿನ ಪುಡಿ ಒರೆಸಿ ಇವತ್ತಿನ ವರದಿ ಕಳಿಸುತ್ತಾರೆ. ಮೂರು ಸಂಗತಿ, ಮೂರೂ ಸಣ್ಣವು. ಇನ್ನು ಮೂರು ವರ್ಷಕ್ಕೆ ಅವರ ನಿವೃತ್ತಿ. ಇನ್ನೇನು ಆಸೆ ಇದೆ ಎಂದು ಕೇಳಿದರೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾರೆ.

‘ಜಲಾಶಯ ನೋಡ್ಬೇಕು. ನಗಬೇಡಿ. ಮೂವತ್ತೈದು ವರ್ಷ ಆಯ್ತು ಈ ನೀರಿನ ಆಫೀಸಿಗೆ ಬಂದು. ಅದರ ಮಟ್ಟ ಎಷ್ಟು, ಕೆಸರು ಎಷ್ಟು, ಎಲ್ಲ ದಿನಾ ಓದ್ತೀನಿ. ಒಂದ್ಸಲಾನೂ ಕಣ್ಣಲ್ಲಿ ನೋಡಿಲ್ಲ. ರಜಾ ದಿನ ಬಸ್ಸಲ್ಲೇ ಹೋಗೋಣ ಅಂದಿದ್ದಾರೆ ಯಜಮಾನ್ರು, ಅತ್ತೇನೂ ಬರ್ತಾರಂತೆ. ದಡದಲ್ಲಿ ಸುಮ್ನೆ ಕೂತ್ಕೊಂಡು ಅಷ್ಟೂ ನೀರನ್ನ ಒಟ್ಟಿಗೆ ನೋಡ್ಬೇಕು.’